ಹದಿನೈದು ತಾಸಿನ ದಾರಿ

ಬಷೀರುನ್ನಿಸಾ ಚಾಚಿ ತೀರಿಹೋದದ್ದು ಸೋಮವಾರ ಮಧ್ಯಾಹ್ನ, ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ. ಸಂಜೆಯೊಳಗೆ ಅವರನ್ನು ಕಮಲಾಪುರದ ಮನೆಗೆ ಒಯ್ದರು. ನಗರದಿಂದ, ದೇಹ ಕೆಡದಂತೆ ಇಡುವ ಫ್ರೀಜರ್ ಪೆಟ್ಟಿಗೆ ಕಳಿಸುವ ಓಡಾಟ ನನ್ನ ಪಾಲಿಗೆ ಬಂದಿತ್ತು. ಅದನ್ನು ಟೆಂಪೊಗೆ ಹಾಕಿಸಿ ಅಲ್ಲೇ ಖೂಬಾ ಪ್ಲಾಟಿನ ನನ್ನ ಮನೆಗೆ ಬಂದು ಮಲಗಿದವಳು ಮಂಗಳವಾರ ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಆಯೇಶಾಳ ಸಂದೇಶ ಬಂದು ಎರಡು ಗಂಟೆ ಆಗಿತ್ತು.

"ವಿದ್ಯಾ, ವಿಮಾನ ಹತ್ತಲಾಕತ್ತೀನಿ. ಸಿಂಗಾಪುರದಾಗ ಬದಲಿ ಮಾಡಿ ಇವತ್ತ ರಾತ್ರಿ ಹತ್ತಕ್ಕ ಹೈದರಾಬಾದ್. ಅಲ್ಲಿಂದ ಗಾಡಿ ಮಾಡ್ಕೊಂಡು ಬರ್ತೀನಿ. ಅಬ್ಬಾಗ ನೀ ಕುಂತು ಹೇಳು, ನಾ ಬರೋತನಕ ಅಮ್ಮೀನ ಒಯ್ಯಬ್ಯಾಡ್ರಿ. ಒಂದ್ಸಲ ಮುಖ ನೋಡಬೇಕು, ಅಷ್ಟೇ."

ಆಯೇಶಾ ಚಾಚಿಯ ಮಗಳು. ಕಮಲಾಪುರದಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಒಂದನೆಯ ಇಯತ್ತೆಯಿಂದ ಪಿಯುಸಿಯವರೆಗೆ ಒಂದೇ ಬೆಂಚಿನಲ್ಲಿ ಕೂತವರು ನಾವು. ಆಮೇಲೆ ನಾನು ಭೌತಶಾಸ್ತ್ರ ಓದಿ ಕಲಬುರಗಿಯ ಕಾಲೇಜೊಂದರಲ್ಲಿ ಪಾಠ ಮಾಡತೊಡಗಿದೆ. ಅವಳು ನರ್ಸಿಂಗ್ ಮುಗಿಸಿ ನ್ಯೂಜಿಲೆಂಡಿನ ಆಕ್ಲೆಂಡಿಗೆ ಹೋದಳು. ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಕೆಲಸ. ಊರಿಗೆ ಬಂದು ಮೂರು ವರ್ಷವಾಗಿತ್ತು.

ಹೈದರಾಬಾದಿಗೆ ರಾತ್ರಿ ಹತ್ತಕ್ಕೆ ಇಳಿದರೆ, ಹೊರಗೆ ಬರಲು ಒಂದು ಗಂಟೆ, ಜಹೀರಾಬಾದ್, ಹುಮನಾಬಾದ್ ದಾಟಿ ಕಮಲಾಪುರ ಮುಟ್ಟಲು ನಾಲ್ಕು. ಅಂದರೆ ಬುಧವಾರ ನಸುಕು. ಕಾಲೇಜಿಗೆ ರಜೆ ಹೇಳಿ ಮೊದಲ ಬಸ್ಸಿಗೇ ಹೊರಟೆ. ಈ ವಿಷಯ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ನಾನು ಅದನ್ನೇ ಇನ್ನೊಮ್ಮೆ ಹೇಳಿದರಾಯಿತು ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ.

ಕರೀಂಸಾಬ್ ಚಾಚಾ ಹೆದ್ದಾರಿ ಬದಿಯಲ್ಲಿ ಕೆಂಪು ಬಾಳೆಹಣ್ಣಿನ ವ್ಯಾಪಾರ ಮಾಡುವವರು. ಮನೆಯ ಹಿಂದಿನ ಕೋಣೆಯಲ್ಲೇ ಗೊನೆಗಳನ್ನು ಹಣ್ಣಿಗೆ ಇಡುತ್ತಾರೆ. ಆ ದಿನವೂ ಅಂಗಳಕ್ಕೆ ಕಾಲಿಟ್ಟ ಕೂಡಲೇ ಮೊದಲು ಮೂಗಿಗೆ ಬಂದದ್ದು ಹಣ್ಣಾಗುತ್ತಿದ್ದ ಬಾಳೆಯ ವಾಸನೆ, ಊದುಬತ್ತಿಯದು ಆಮೇಲೆ. ಅಂಗಳದ ಒಂದು ಮೂಲೆಗೆ ಚಾದರ ಕಟ್ಟಿ ಮರೆ ಮಾಡಿದ್ದರು. ಹಂಡೆಯಲ್ಲಿ ನೀರು ಕಾಯುತ್ತಿತ್ತು. ಚಾಚಾ ಬೇವಿನ ಗಿಡದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು.

"ಯಾಕ ಬೇಟಿ, ಇಷ್ಟ ಲಗೂ ಬಂದಿ? ಆಕೀ ಬರೋದು ಹನ್ನೆರಡರ ಮ್ಯಾಲ."

"ಯಾರು ಬರೋದು ಚಾಚಾ?"

"ಯಾರಂದ್ರ? ಆಯೇಶಾ. ಮಧ್ಯಾಹ್ನದ ಜೋಹರ್ ನಮಾಜ್ ಆದಕೂಡಲೇ ಜನಾಜಾ ಅಂತ ಮಸೀದಿಯಾಗ ಹೇಳಿಸೀವಿ. ಮಜರ್ ಆಗಲೇ ಏರ್‌ಪೋರ್ಟಿಗೆ ಹೋಗ್ಯಾನ."

"ಹೈದರಾಬಾದಿಗಾ?" ಅಂದೆ. ಮಜರ್ ಆಯೇಶಾಳ ತಮ್ಮ.

"ಹೈದರಾಬಾದಿಗೆ ಯಾಕ ಹೋಗಬೇಕ? ನಮ್ಮ ಏರ್‌ಪೋರ್ಟಿಗೆ."

ಕಲಬುರಗಿಯ ವಿಮಾನ ನಿಲ್ದಾಣಕ್ಕೆ ವಾರದಲ್ಲಿ ಎಷ್ಟು ವಿಮಾನ ಬರುತ್ತವೆ, ಯಾವ ವಾರ ಬರುವುದೇ ಇಲ್ಲ ಎನ್ನುವುದು ನಮ್ಮೂರ ಚಹಾದಂಗಡಿಗಳಲ್ಲಿ ಎಲ್ಲರೂ ನಗುತ್ತ ಆಡುವ ಮಾತು. ಹೊರದೇಶದ ವಿಮಾನವಂತೂ ಅಲ್ಲಿಗೆ ಬಂದದ್ದೇ ಇಲ್ಲ. ಚಾಚಾಗೂ ಅದು ಗೊತ್ತಿರಬೇಕಿತ್ತು. ನಾನು ಆಯೇಶಾಳ ಸಂದೇಶವನ್ನು ಗಟ್ಟಿಯಾಗಿ ಓದಿದೆ. ಅವರು ಕೊನೆಯವರೆಗೆ ಕೇಳಿ, ಜುಬ್ಬದ ಕಿಸೆಯಿಂದ ತಮ್ಮ ಫೋನ್ ತೆಗೆದರು.

"ಆಕೀಗೆ ಯಾರೋ ತಪ್ಪು ಹೇಳ್ಯಾರ. ನೀ ಇದನ್ನ ನೋಡು."

ಪರದೆಯ ಮೇಲೆ ಒಂದು ಇಂಗ್ಲಿಷ್ ಪುಟ. ಭೂಪಟದಲ್ಲಿ ಎರಡು ಚುಕ್ಕೆ, ನಡುವೆ ಕಮಾನಿನಂಥ ಒಂದು ಗೆರೆ. ಒಂದು ಚುಕ್ಕೆ ಆಕ್ಲೆಂಡ್, ಇನ್ನೊಂದು ಕಲಬುರಗಿ. ಕೆಳಗೆ ದೊಡ್ಡ ಅಕ್ಷರದಲ್ಲಿ: ದೂರ ಹನ್ನೊಂದು ಸಾವಿರದ ಎಂಟುನೂರು ಚಿಲ್ಲರೆ ಕಿಲೋಮೀಟರ್. ಹಾರಾಟದ ಸಮಯ ಹದಿನೈದು ತಾಸು ಹದಿನೆಂಟು ನಿಮಿಷ.

"ಮೂರು ವರ್ಷದಿಂದ ಇದನ್ನೇ ನೋಡ್ಕೊಂತ ಬಂದೀನಿ" ಅಂದರು ಚಾಚಾ. "ಫೋನಿಗೆ ಬಾಯಿಲೆ ಕೇಳಿದ್ರ ಬರ್ತದ. ದಿನಾ ಹೊತ್ತ ಮುಳುಗಿದ್ರ ನಿಮ್ಮ ಚಾಚಿ ಕೇಳಾಕಿ, ನನ್ನ ಮಗಳು ಎಷ್ಟು ದೂರ ಅದಾಳ ಅಂತ. ನಾ ತಗದು ತೋರಸ್ತಿದ್ದೆ. ಹದಿನೈದೇ ತಾಸು, ಬೆಂಗಳೂರಿನ ಬಸ್ಸಿಗಿಂತ ಎರಡು ಮೂರು ತಾಸು ಹೆಚ್ಚು ಅಷ್ಟೇ ಅಂತಿದ್ದೆ. ಆಕೀನೂ ಸಮಾಧಾನ ಆಗಿ ಮಲಗತಿದ್ಲು. ನಿನ್ನೆ ರಾತ್ರಿ ಒಂಬತ್ತಕ್ಕ ಆಯೇಶಾ ಫೋನ್ ಮಾಡಿ ಹೊಂಟೀನಿ ಅಂದಳು. ಒಂಬತ್ತಕ್ಕ ಹದಿನೈದು ಕೂಡಸು."

ಪಕ್ಕದಲ್ಲಿ ಕಫನಿನ ಬಟ್ಟೆ ಮಡಿಸುತ್ತಿದ್ದ ಅವರ ಅಕ್ಕ, ನಾವೆಲ್ಲ ಫುಪ್ಪು ಎಂದು ಕರೆಯುವ ಮುದುಕಿ, ತಲೆ ಎತ್ತದೆ ಅಂದಳು: "ಈ ಲೆಕ್ಕಾ ಕೇಳಿ ಕೇಳಿ ಊರ ಮಂದಿಗೆಲ್ಲ ಬಾಯಿಪಾಠ ಆಗ್ಯದವ್ವ. ಹಣ್ಣ ಒಯ್ಯಲಾಕ ಬಂದವ್ರಿಗೂ ಬಿಡಂಗಿಲ್ಲ ಇಂವಾ."

ಆ ಪುಟ ಹೇಗೆ ತಯಾರಾಗುತ್ತದೆ ಎಂಬುದು ನನಗೆ ನೋಡಿದ ಕ್ಷಣವೇ ತಿಳಿಯಿತು. ಭೂಮಿಯ ಮೇಲಿನ ಯಾವ ಎರಡು ಊರಿನ ಅಕ್ಷಾಂಶ ರೇಖಾಂಶ ಕೊಟ್ಟರೂ ಅವುಗಳ ನಡುವಿನ ಅತಿ ಚಿಕ್ಕ ದಾರಿಯನ್ನು ಲೆಕ್ಕ ಹಾಕಲು ಒಂದು ಸೂತ್ರವಿದೆ. ನಾನೇ ಅದನ್ನು ಮಕ್ಕಳಿಗೆ ಬಿಡಿಸಲು ಕೊಟ್ಟಿದ್ದೇನೆ. ಬಂದ ದೂರವನ್ನು ವಿಮಾನದ ಸರಾಸರಿ ವೇಗದಿಂದ ಭಾಗಿಸಿ, ಏರಲು ಇಳಿಯಲು ಅಂತ ಅರ್ಧ ತಾಸು ಸೇರಿಸಿದರೆ ಮುಗಿಯಿತು. ಆ ದಾರಿಯಲ್ಲಿ ವಿಮಾನ ಹಾರುತ್ತದೆಯೇ ಎಂದು ಯಂತ್ರ ಕೇಳುವುದಿಲ್ಲ. ಲೆಕ್ಕದಲ್ಲಿ ಒಂದಂಕಿಯೂ ತಪ್ಪಿರಲಿಲ್ಲ. ಅಂಥ ವಿಮಾನ ಮಾತ್ರ ಲೋಕದಲ್ಲಿ ಎಲ್ಲೂ ಇರಲಿಲ್ಲ.

ನಾನು ಇದನ್ನು ಹೇಳಲು ನೋಡಿದೆ. "ಚಾಚಾ, ಇದು ಹಕ್ಕಿ ನೆಟ್ಟಗ ಹಾರಿದ್ರ ಎಷ್ಟು ಹೊತ್ತು ಅಂತ ಹೇಳೋ ಲೆಕ್ಕ. ಖರೇ ವಿಮಾನದ್ದಲ್ಲ."

"ವಿಮಾನ ಹಕ್ಕಿಗಿಂತ ಜೋರ ಹೋಗ್ತದಲ್ಲ?"

"ಹೋಗ್ತದ. ಆದ್ರ ಅಲ್ಲಿಂದ ಇಲ್ಲಿಗೆ ಯಾವ ವಿಮಾನಾನೂ ಇಲ್ರೀ."

"ಇಲ್ಲದಿದ್ರ ಟೈಮ್ ಯಾಕ ಬರೀತಾರ?"

ಅಷ್ಟರಲ್ಲಿ ಫುಪ್ಪು ಎದ್ದು ಗುಸುಲಿಗೆ ಹೊತ್ತಾಯಿತು ಅಂದಳು. ಅಂತಿಮ ಸ್ನಾನ ಮಾಡಿಸಿ, ಕಫನ್ ಉಡಿಸಿ ಸಿದ್ಧವಾಗಿಟ್ಟರೆ ಹನ್ನೆರಡಕ್ಕೆ ಬಂದ ಮಗಳು ಮುಖ ನೋಡಿದ ಕೂಡಲೇ ಎತ್ತಬಹುದು ಎಂಬುದು ಅವರ ಲೆಕ್ಕ. "ಸ್ವಲ್ಪ ತಡೀರಿ ಫುಪ್ಪು" ಅಂದೆ. ಅವಳು ನನ್ನ ಮುಖ ನೋಡಿ, "ನೀ ನೀರ ಕೊಡು ಬಾ, ನಿಂತ್ರ ಸಂಕಟ ಹೆಚ್ಚಾಗ್ತದ" ಅಂದು ಚಾದರದ ಒಳಗೆ ಹೋದಳು. ಇನ್ನಿಬ್ಬರು ಹೆಂಗಸರು ಹಿಂದೆ ಹೋದರು. ನಾನು ಹಂಡೆಯಿಂದ ತಂಬಿಗೆ ತಂಬಿಗೆ ನೀರು ತೋಡಿ ಚಾದರದ ಸಂದಿಯಿಂದ ಒಳಗೆ ಕೊಟ್ಟೆ. ಬಳೆಯಿಲ್ಲದ ಒಂದು ಕೈ ಹೊರಬಂದು ಪ್ರತಿ ಸಲ ತಂಬಿಗೆ ತೆಗೆದುಕೊಳ್ಳುತ್ತಿತ್ತು. ಆಯೇಶಾ ಬರುವುದು ನಾಳೆ, ಇದು ತೀರ ಬೇಗ ಆಯಿತು ಎಂದು ತಿಳಿಯುತ್ತಿದ್ದರೂ ನನ್ನ ಕೈ ನೀರು ತೋಡುತ್ತಲೇ ಇತ್ತು.

ಹನ್ನೊಂದರ ಸುಮಾರಿಗೆ ಚಾಚಾನ ಫೋನ್ ರಿಂಗಾಯಿತು. ಮಜರ್ ಮಾಡಿದ್ದ. ಚಾಚಾಗೆ ಕಿವಿ ಸ್ವಲ್ಪ ಮಂದ. ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ. ಅಂಗಳಕ್ಕೆಲ್ಲ ಕೇಳಿಸಿತು.

"ಅಬ್ಬಾ, ಇಲ್ಲಿ ಗೇಟಿನ್ಯಾಗಿನವ್ರು ಇವತ್ತ ಯಾವ ವಿಮಾನಾನೂ ಇಲ್ಲಂತಾರ. ನ್ಯೂಜಿಲೆಂಡ್ ಅಂದ್ರ ನಗ್ತಾರ."

"ನಗ್ಲಿ ಬಿಡು. ನೀ ಅಲ್ಲೇ ನಿಂದ್ರು."

"ಯಾರಿಗಂತ ನಿಂದ್ರಲಿ? ಒಳಗ ಬರೇ ಬಿಸಲ ಅದ ಅಬ್ಬಾ. ಒಂದು ನಾಯಿ ಮಲಗ್ಯದ."

ಚಾಚಾ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡರು. ಮಜರ್ "ಅಬ್ಬಾ? ಅಬ್ಬಾ?" ಎನ್ನುತ್ತಲೇ ಇದ್ದ. ನಾನೇ ತೆಗೆದುಕೊಂಡು, "ಮಜರ್, ಮನಿಗೆ ಬಾ" ಎಂದು ಇಟ್ಟೆ.

ಅಷ್ಟರಲ್ಲಿ ಮಸೀದಿ ಕಮಿಟಿಯ ಹಿರಿಯ ಮಂಜೂರ್ ಸಾಹೇಬರು ಬಂದರು. ಬಸ್ ಸ್ಟ್ಯಾಂಡ್ ಹತ್ತಿರ ಹೊಲಿಗೆ ಅಂಗಡಿ ಇಟ್ಟವರು. ನಮ್ಮ ಶಾಲೆಯ ಸಮವಸ್ತ್ರವೆಲ್ಲ ಅವರ ಕೈಯಲ್ಲೇ ಹೊಲಿಸಿದ್ದು. ನಾನು ಅವರಿಗೆ ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಅವರು ಕೇಳಿಕೊಂಡು, ಚಾಚಾನ ಎದುರಿನ ಕಟ್ಟೆಯ ಮೇಲೆ ಕೂತರು.

"ಕರೀಂ, ಮಗಳು ಬರ್ತಾಳಂತ ಒಂದು ರಾತ್ರಿ ಇಟ್ವಿ. ಹದಿನೈದು ತಾಸು ಅಂದಿ, ಯಾರೂ ಬ್ಯಾಡ ಅನ್ನಲಿಲ್ಲ. ಈಗ ಗುಸುಲ್ ಆಗ್ಯದ, ಕಫನ್ ಉಡಿಸ್ಯಾರ. ಇನ್ನೊಂದು ರಾತ್ರಿ ಅಂದ್ರ ಹೋದಾಕಿಗೆ ತ್ರಾಸು ಕೊಟ್ಟಂಗ. ಮ್ಯಾಲ ಆ ಪೆಟ್ಟಿಗಿ. ಸ್ಟೇಶನ್ ಬಜಾರದಾಗ ಇನ್ನೊಂದು ಸಾವ ಆಗ್ಯದಂತ, ಸಂಜಿಗೆ ಕಳಸ್ರಿ ಅಂತ ಎರಡು ಸಲ ಫೋನ್ ಬಂತು."

"ಬ್ಯಾರೇ ಪೆಟ್ಟಿಗಿ ಹುಡುಕೋಣ್ರೀ ಮಾಮು" ಅಂದೆ.

"ಪೆಟ್ಟಿಗಿ ಸಿಕ್ಕೀತು ಬೇಟಿ. ನಾ ಹೇಳೋದು ಪೆಟ್ಟಿಗಿ ಮಾತಲ್ಲ."

ಚಾಚಾ ನಮ್ಮಿಬ್ಬರ ನಡುವೆ ಎಲ್ಲಿಯೋ ನೋಡುತ್ತ ಕೇಳಿದರು, "ಈಗ ಎಲ್ಲಿ ಅದಾಳ ಆಕೀ?"

ಹಾರುತ್ತಿರುವ ವಿಮಾನಗಳನ್ನು ನಕಾಶೆಯ ಮೇಲೆ ತೋರಿಸುವ ಆ್ಯಪ್ ನನ್ನ ಫೋನಿನಲ್ಲಿತ್ತು. ಆಯೇಶಾ ಟಿಕೆಟ್ಟಿನ ಚಿತ್ರವನ್ನೂ ಕಳಿಸಿದ್ದಳು. ಅದರಲ್ಲಿನ ನಂಬರ್ ಹಾಕಿದೆ. ಹಳದಿ ಬಣ್ಣದ ಒಂದು ಪುಟ್ಟ ವಿಮಾನ ಆಸ್ಟ್ರೇಲಿಯಾದ ವಾಯುವ್ಯ ತುದಿಯಲ್ಲಿ, ನೆಲ ಮುಗಿದು ಕಡಲು ಶುರುವಾಗುವಲ್ಲಿ ಇತ್ತು. ಚಾಚಾ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

"ಇದರಾಗ ಅದಾಳೇನು?"

"ಹೌದ್ರೀ."

"ಫೋನ್ ಹಚ್ಚು."

"ಹತ್ತೂದಿಲ್ಲ ಚಾಚಾ. ಸಿಂಗಾಪುರದಾಗ ಇಳದ ಮ್ಯಾಲೇ."

"ಕಣ್ಣಿಗೆ ಕಾಣ್ತದ, ಮಾತಾಡ್ಲಾಕ ಬರಂಗಿಲ್ಲ?"

"ಬರಂಗಿಲ್ರೀ."

ನಾನು ಮಂಜೂರ್ ಸಾಹೇಬರ ಕಡೆ ತಿರುಗಿದೆ. ಬುಧವಾರದವರೆಗೆ ಇಡುವ ಮಾತು ಮುಗಿದಿತ್ತು. ಉಳಿದದ್ದು ಒಂದೇ ದಾರಿ. ನಮ್ಮ ಹೊತ್ತಿನ ಮೂರೂವರೆಗೆ ಆಯೇಶಾ ಸಿಂಗಾಪುರದಲ್ಲಿ ಇಳಿಯುತ್ತಾಳೆ. ಇಳಿದ ಕೂಡಲೇ ವಿಡಿಯೋ ಕರೆ ಮಾಡಿಸುತ್ತೇನೆ. ಹೆಂಗಸರು ಮಾತ್ರ ಒಳಗಿರಲಿ, ನಾನೇ ಫೋನ್ ಹಿಡಿಯುತ್ತೇನೆ, ಮಗಳು ತಾಯಿಯ ಮುಖ ನೋಡಲಿ. ಆಮೇಲೆ ಎತ್ತಿರಿ. ಜೋಹರ್ ಆದಮೇಲೆ ಎರಡು ತಾಸು ಮಾತ್ರ.

ಸಾಹೇಬರು ಗಡ್ಡ ನೀವಿಕೊಂಡರು. ಹುಮನಾಬಾದಿನಿಂದ, ತಾಜಸುಲ್ತಾನಪುರದಿಂದ ಬಂದ ನೆಂಟರು ಆಗಲೇ ಅಂಗಳದಲ್ಲಿ ನೆರಳು ಹುಡುಕುತ್ತಿದ್ದರು. "ಕಾಯೋಣ" ಅಂದರು ಕೊನೆಗೆ. "ಮಗಳ ಹಕ್ಕೂ ಹಕ್ಕೇ. ಸಂಜಿ ಅಸರ್ ನಮಾಜಿನೊಳಗ ಮುಗೀಬೇಕು, ಅಷ್ಟೇ."

ಚಾಚಿಯನ್ನು ಮತ್ತೆ ಪೆಟ್ಟಿಗೆಯಲ್ಲಿ ಮಲಗಿಸಿದ್ದ ಕೋಣೆಗೆ ಹೋಗಿ ಬೆಳಕು ಎಷ್ಟಿದೆ, ಫೋನನ್ನು ಎಲ್ಲಿ ಹಿಡಿದರೆ ಗಾಜು ಹೊಳೆಯುವುದಿಲ್ಲ ಎಂದೆಲ್ಲ ನೋಡಿದೆ. ಪೆಟ್ಟಿಗೆಯ ಮುಚ್ಚಳ ತೆಗೆಯುವುದೇ ಒಳ್ಳೆಯದು ಎಂದು ಫುಪ್ಪುಗೆ ಹೇಳಿಟ್ಟೆ. ನೆಟ್‌ವರ್ಕ್ ಕಿಟಕಿಯ ಹತ್ತಿರ ಚೆನ್ನಾಗಿತ್ತು. ಆಯೇಶಾಳಿಗೆ ಸಂದೇಶ ಕಳಿಸಿದೆ: ಇಳಿದ ಕೂಡಲೇ ವಿಡಿಯೋ ಮಾಡು, ಬೇರೆ ಏನೂ ಮಾಡಬೇಡ. ಒಂದೇ ಗೀಟು ಬಂತು, ತಲುಪಿರಲಿಲ್ಲ.

ಜೋಹರ್ ನಮಾಜಿಗೆ ಹೋದವರು ತಿರುಗಿ ಬಂದರು. ಮಜರ್ ಬಂದು ಗೋಡೆಗೆ ಒರಗಿ ಕೂತ. ಚಾಚಾ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಫೋನನ್ನೇ ನೋಡುತ್ತಿದ್ದರು. ಹಳದಿ ವಿಮಾನ ಜಾವಾ ದ್ವೀಪ ದಾಟಿತು. ಸಿಂಗಾಪುರಕ್ಕೆ ಹತ್ತಿರವಾಗುತ್ತ ಹೋಯಿತು. ನಾನು ನಕಾಶೆಯನ್ನು ದೊಡ್ಡದು ಮಾಡಿ ತೋರಿಸಿದೆ. "ನೋಡ್ರಿ, ಇನ್ನೇನು ಬಂದಳು."

ಆಗ ಅದು ತಿರುಗಿತು.

ನಿಲ್ದಾಣದ ದಕ್ಷಿಣಕ್ಕೆ, ಕಡಲ ಮೇಲೆ, ಒಂದು ಉದ್ದನೆಯ ಸುತ್ತು ಹಾಕಿತು. ಇನ್ನೊಂದು ಹಾಕಿತು. ಆ ಭಾಗದಲ್ಲಿ ಇನ್ನೂ ನಾಲ್ಕೈದು ವಿಮಾನಗಳು ಹಾಗೇ ಸುತ್ತುತ್ತಿದ್ದವು. ಅಲ್ಲಿ ಆಗಲೇ ಸಂಜೆ, ಗುಡುಗುಮಳೆ ಇರಬೇಕು. ನಿಲ್ದಾಣ ಇಳಿಯಲು ಬಿಡುವವರೆಗೆ ಮೇಲೆ ಕಾಯಿಸುತ್ತಾರೆ. ಸಾಮಾನ್ಯ ಸಂಗತಿ.

"ಹೊಳ್ಳಿ ಹೊಂಟಳಲ್ಲ" ಅಂದರು ಚಾಚಾ.

"ಇಲ್ರೀ, ಮಳಿ ಇರ್ತದ. ಸ್ವಲ್ಪ ಹೊತ್ತು ಸುತ್ತಿಸ್ತಾರ, ಆಮ್ಯಾಲ ಇಳಸ್ತಾರ."

"ಎಷ್ಟು ಹೊತ್ತು?"

"ಹೇಳ್ಲಾಕ ಬರಂಗಿಲ್ಲ. ಅರ್ಧ ತಾಸು ಆದೀತು."

ಮೂರನೆಯ ಸುತ್ತು. ನಾಲ್ಕನೆಯದು. ಗೆರೆಯ ಮೇಲೆ ಗೆರೆ ಬಿದ್ದು ಪರದೆಯಲ್ಲಿ ದಾರದುಂಡೆಯಂತೆ ಕಾಣತೊಡಗಿತು. ಇಳಿಯಬೇಕಾದ ಹೊತ್ತು ದಾಟಿತ್ತು. ಬಾಗಿಲಲ್ಲಿ ಮಂಜೂರ್ ಸಾಹೇಬರು ಬಂದು ನಿಂತರು. ಚಾಚಾ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಬಹಳ ಹೊತ್ತು ನೋಡಿ, ಮೆಲ್ಲಗೆ ನನ್ನ ಮಡಿಲಿಗೆ ಇಟ್ಟರು.

"ಬಿಡು ಬೇಟಿ."

"ಚಾಚಾ, ಇದು ಖರೇ ವಿಮಾನ. ಇದು ನಿಮ್ಮ ಆ ಪುಟದಂಗ ಅಲ್ಲ. ಖರೇನೇ ಆಕೀ ಇದರಾಗ ಕುಂತಾಳ. ಇನ್ನೊಂದು ಹತ್ತು ನಿಮಿಷ—"

"ನಂದೂ ಖರೇ ಅಂತಿದ್ದೆ ನಾನು. ಮೂರು ವರ್ಷ ಆಕೀಗೆ ಅದನ್ನೇ ತೋರಸಿದೆ." ಅವರ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. "ನಿನ್ನ ಫೋನೂ ನನ್ನ ಫೋನಿನಂಥಾದ್ದೇ. ಎರಡರಾಗೂ ಚುಕ್ಕಿ ಅದ, ಗೆರಿ ಅದ. ನನ್ನ ಮಗಳು ಇಲ್ಲ."

ಉಪಗ್ರಹ, ರೇಡಿಯೊ ಸಂಕೇತ, ವಿಮಾನ ತನ್ನ ಜಾಗವನ್ನು ತಾನೇ ಸಾರುವ ಬಗೆ: ಎಲ್ಲ ಗೊತ್ತಿತ್ತು ನನಗೆ. ಒಂದು ಸಲ ಪರದೆಯನ್ನು ನಂಬಿ ಊರಿಗೆಲ್ಲ ಮಾತು ಕೊಟ್ಟವರಿಗೆ ಇನ್ನೊಂದು ಪರದೆಯನ್ನು ನಂಬಿ ಎನ್ನಲು ನನ್ನ ಬಳಿ ಇದ್ದದ್ದೂ ಪರದೆಯೇ. "ಮಜರ್, ನೀನಾದ್ರೂ ಹೇಳೋ" ಅಂದೆ. ಮಜರ್ ಅಪ್ಪನ ಮುಖ ನೋಡಿ ತಲೆ ಕೆಳಗೆ ಹಾಕಿದ.

ಚಾಚಾ ಎದ್ದು ನಿಂತರು. ಕುರ್ಚಿಯ ಕೈ ಹಿಡಿದು ಎರಡು ಸಲ ಪ್ರಯತ್ನಿಸಿದ ಮೇಲೆ ಎದ್ದರು. "ಎತ್ರಿ" ಅಂದರು.

ಆಮೇಲಿನದೆಲ್ಲ ಬಹಳ ಬೇಗ ಆಯಿತು. ಹೆಂಗಸರು ಒಬ್ಬೊಬ್ಬರಾಗಿ ಮುಖ ನೋಡಿ ಹಿಂದೆ ಸರಿದರು. ನಾನೂ ನೋಡಿದೆ. ಫೋಟೊ ತೆಗೆಯಲೇ ಎಂದು ಕೇಳಬೇಕೆನಿಸಿತು. ಫುಪ್ಪು ಆಗಲೇ ಬಟ್ಟೆ ಎಳೆದು ಗಂಟು ಹಾಕುತ್ತಿದ್ದಳು. ಗಂಡಸರು ಒಳಗೆ ಬಂದರು, ಜನಾಜಾ ಹೊರಟಿತು. ಕಲಿಮಾ ಹೇಳುವ ಧ್ವನಿಗಳು ಹೆದ್ದಾರಿಯ ಲಾರಿಗಳ ಸದ್ದಿನಲ್ಲಿ ಕರಗುವವರೆಗೆ ನಾವು ಬಾಗಿಲಲ್ಲಿ ನಿಂತಿದ್ದೆವು. ಖಬರಸ್ತಾನಕ್ಕೆ ಹೆಂಗಸರು ಹೋಗುವ ರೂಢಿ ಇಲ್ಲ.

ಒಳಗೆ ಬಂದು ಫೋನ್ ನೋಡಿದೆ. ಹಳದಿ ವಿಮಾನ ಸುತ್ತುವುದನ್ನು ಬಿಟ್ಟು ನೆಟ್ಟಗೆ ಕೆಳಗಿಳಿಯುತ್ತಿತ್ತು. ಇನ್ನೂ ಮಣ್ಣಿಗೆ ಇಳಿಸಿರಲಿಕ್ಕಿಲ್ಲ ಎಂದು ಮಜರ್‌ನಿಗೆ ಫೋನ್ ಮಾಡಿದೆ. ಅವನು ಇಲ್ಲೇ ಬಿಟ್ಟುಹೋಗಿದ್ದ ಫೋನ್ ನಮ್ಮ ಮನೆಯ ಗೋಡೆಗೆ ಹತ್ತಿದ ಕಟ್ಟೆಯ ಮೇಲೆ ರಿಂಗಾಯಿತು. ಚಾಚಾನದು ಬಂದ್ ಆಗಿತ್ತು. ಮಂಜೂರ್ ಸಾಹೇಬರದೂ ಬಂದ್. ನಮಾಜಿಗೆ ನಿಂತಿರಬೇಕು. ನಾನು ಅಂಗಳದವರೆಗೆ ಓಡಿ, ಅಲ್ಲಿಂದ ಎಲ್ಲಿಗೆ ಓಡಬೇಕು ಎಂದು ತಿಳಿಯದೆ ನಿಂತೆ.

ಕರೆ ಬಂತು. ವಿಡಿಯೋ. ಆಯೇಶಾಳ ಮುಖದ ಹಿಂದೆ ಸೀಟುಗಳು, ಚೀಲ ಇಳಿಸುತ್ತಿದ್ದ ಜನ. ಕಣ್ಣು ಊದಿದ್ದವು.

"ವಿದ್ಯಾ, ಈಗ ಇಳದೀವಿ. ಎಷ್ಟು ಸುತ್ತಿಸಿದ ಅಂತಿ. ನಿನ್ನ ಮೆಸೇಜ್ ಬಂತು. ಎಲ್ಲಿ, ತೋರಸು."

ನನ್ನ ಹಿಂದೆ ಬೇವಿನ ಗಿಡ, ಖಾಲಿ ಕುರ್ಚಿ ಅವಳಿಗೆ ಕಂಡಿರಬೇಕು.

"ಆಯೇಶಾ, ಒಯ್ದರು."

"ಯಾವಾಗ?"

"ಈಗ. ಈಗಷ್ಟೇ. ನಾ ಹೇಳಿದೆ... ನಾ ಬಾಳ ಹೇಳಿದೆ."

ಅವಳು ಅಳಲಿಲ್ಲ. ಪರದೆ ಅಲ್ಲಾಡಿತು, ಮುಂದೆ ನಡೆಯುತ್ತಿದ್ದಳು. ಯಾರೋ ಇಂಗ್ಲಿಷಿನಲ್ಲಿ ನಿಧಾನ, ಮೆಟ್ಟಿಲು ಇದೆ ಅಂದರು. ನಡೆಯುತ್ತಲೇ ಕೇಳಿದಳು, "ಗುಸುಲ್ ಯಾರು ಮಾಡಿದ್ರು?"

"ಫುಪ್ಪು. ಇನ್ನಿಬ್ಬರು ಇದ್ರು."

"ನೀ ಇದ್ದೇನು?"

"ನೀರ ಕೊಟ್ಟೆ. ಹೊರಗಿಂದ."

"ಅಮ್ಮೀ ಎಡಗೈ ಮ್ಯಾಲ ಎತ್ತಲಾಕ ಬರ್ತಿದ್ದಿಲ್ಲ. ಭುಜ ಹಿಡಿದಿತ್ತು. ಮೊದಲ ಮೊಣಕೈ ಹಿಡಕೊಂಡು ಮೆಲ್ಲಕ ಎತ್ತಬೇಕು. ಅಲ್ಲಿ ಕೆಲಸದಾಗ ನಾ ದಿನಾ ಎಷ್ಟು ಮಂದಿಗೆ ಹಂಗ ಮಾಡ್ತೀನಿ. ಜಗ್ಗಿಲ್ಲಲ್ಲ ಅವ್ರು?"

"ನಂಗ ಕಾಣಿಸ್ಲಿಲ್ಲ ಆಯೇಶಾ. ಚಾದರ ಇತ್ತು."

"ಫುಪ್ಪುಗ ಕೇಳು."

ನಾನು ಹೊಸ್ತಿಲಲ್ಲಿ ಕೂತಿದ್ದ ಫುಪ್ಪುವಿನ ಎದುರು ಫೋನ್ ಹಿಡಿದೆ. ಅವಳು ಪರದೆಯಲ್ಲಿನ ಮುಖ ನೋಡಿ, ಸೆರಗು ಬಾಯಿಗೆ ತುರುಕಿಕೊಂಡು ಆ ಕಡೆ ತಿರುಗಿದಳು. ಎರಡು ಸಲ ಕೇಳಿದೆ.

"ಇರಲಿ ಬಿಡು" ಅಂದಳು ಆಯೇಶಾ. ಹಿಂದೆ ಯಾವುದೋ ಊರಿನ ಹೆಸರು ಕೂಗುತ್ತಿದ್ದರು. "ಇಲ್ಲಿಂದ ಇನ್ನೊಂದು ವಿಮಾನ ಅದ ವಿದ್ಯಾ. ಒಂದು ತಾಸಿನ್ಯಾಗ. ಹತ್ತಲೇನು?"

ಯಾವ ಪ್ರಶ್ನೆಗಾದರೂ ಮೊದಲು ಗೊತ್ತಿರುವುದೇನು, ಗೊತ್ತಿಲ್ಲದ್ದೇನು ಎಂದು ಬರೆದುಕೊಳ್ಳಿ ಎಂದು ಮಕ್ಕಳಿಗೆ ಹೇಳುವವಳು ನಾನು. ಅವಳು ಬಂದು ಏನು ಮಾಡಬೇಕು, ಬರದೆ ಎಲ್ಲಿಗೆ ಹೋಗಬೇಕು, ಎರಡೂ ನನಗೆ ಗೊತ್ತಿರಲಿಲ್ಲ.

"ಹತ್ತು" ಅಂದೆ. "ಮಜರ್ ಹೈದರಾಬಾದಿಗೆ ಬರ್ತಾನ."

"ಹೂಂ" ಅಂದಳು. ಫೋನ್ ಇಡಲಿಲ್ಲ. ಅದನ್ನು ಕೈಯಲ್ಲಿ ಕೆಳಗೆ ಹಿಡಿದುಕೊಂಡೇ ನಡೆಯುತ್ತಿದ್ದಳೆಂದು ಕಾಣುತ್ತದೆ. ನನಗೆ ಹೊಳೆಯುವ ನೆಲ ಮಾತ್ರ ಕಾಣುತ್ತಿತ್ತು, ಅವಳ ಒಂದು ಬೂಟು, ಮತ್ತೆ ನೆಲ.